ಮನೆ ವರ್ಕ್‌ಶಾಪಿಗೆ ಮೆಟಲ್ ಬ್ಯಾಂಡ್ ಸಾ: ಮಷೀನಿಗಿಂತ ಬ್ಲೇಡ್ ಕಡೆ ಗಮನ ಇರ್ಲಿ

ಹ್ಯಾಕ್ಸಾ ಎಳೆದೆಳೆದು ತೋಳು ಬಿದ್ದುಹೋಗಿ, ಆಮೇಲೆ ಕಟಾಫ್ ಮಷೀನು ತಂದು ಅದರ ಕಿಡಿ, ಕಿವಿ ತೂತಾಗೋ ಸದ್ದು, ಎಲ್ಲದರ ಮೇಲೂ ಕೂರೋ ಕಪ್ಪು ಧೂಳು ನೋಡಿ ಬೇಜಾರಾದೋರು ಕೊನೆಗೆ ಬಂದು ನಿಲ್ಲೋದು ಬ್ಯಾಂಡ್ ಸಾ (ಪಟ್ಟಿ ಥರದ ಬ್ಲೇಡ್ ಎರಡು ಚಕ್ರದ ಮೇಲೆ ಸುತ್ತೋ ಗರಗಸ) ಹತ್ರಾನೇ. ಕಿಡಿ ಹಾರಲ್ಲ, ಕೊಯ್ದ ತುದಿ ನೀಲಿಗಟ್ಟಲ್ಲ, ಕೊಯ್ತಕ್ಕೆ ಹಾಳಾಗೋ ಲೋಹ ಸುಮಾರು 1 ಮಿ.ಮೀ. ಅಷ್ಟೇ. ನಿಧಾನ ಅನ್ನೋದು ನಿಜ, ಆದ್ರೆ ತುಂಡನ್ನ ಬಿಗಿಯಾಗಿ ಹಿಡಿಯೋ ವೈಸಿಗೆ ಕಟ್ಟಿದ್ರೆ ಅದರ ಪಾಡಿಗೆ ಅದು ಕೊಯ್ತಾ ಇರುತ್ತೆ, ನೀವು ಪಕ್ಕದಲ್ಲೇ ನಿಂತು ಹಿಂದಿನ ತುಂಡಿಗೆ ಅರ ಹಾಕ್ತಾ ಇರಬಹುದು.

ಮೊದಲೇ ಒಂದು ಮಾತು. ಮರ ಕೊಯ್ಯೋ ಬ್ಯಾಂಡ್ ಸಾ ಇದೆ, ಬ್ಲೇಡ್ ಬದಲಾಯಿಸಿ ಕಬ್ಬಿಣ ಕೊಯ್ತೀನಿ ಅಂದ್ಕೋಬೇಡಿ. ಮರದ ಮಷೀನಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 3000 ಅಡಿ ಓಡುತ್ತೆ, ಮೈಲ್ಡ್ ಸ್ಟೀಲಿಗೆ ಬೇಕಿರೋದು 100ರಿಂದ 200 ಅಡಿ, ಸ್ಟೇನ್‌ಲೆಸ್ಸಿಗೆ ಇನ್ನೂ ಕಮ್ಮಿ. ಮರದ ಸ್ಪೀಡಲ್ಲಿ ಕಬ್ಬಿಣ ಕೊಯ್ದ್ರೆ ಹಲ್ಲು ಕ್ಷಣದಲ್ಲೇ ಸುಟ್ಟು ಬೋಳಾಗುತ್ತೆ. ಅಲ್ಯೂಮಿನಿಯಂ ಮಾತ್ರ ಜೋರು ಸ್ಪೀಡ್ ತಡೆಯುತ್ತೆ.

ಮನೆಗೆ ಹೊಂದೋದು ಎರಡು ಥರದ್ದು. ಕೈಯಲ್ಲಿ ಹಿಡ್ಕೊಂಡು ಕೊಯ್ಯೋ ಪೋರ್ಟಬಲ್ಲು, ಜಾಗ ಕಮ್ಮಿ ಇದ್ರೆ ಅಥವಾ ಕಟ್ಟಿ ನಿಲ್ಲಿಸಿರೋ ಪೈಪ್ ಕೊಯ್ಯೋದಿದ್ರೆ ಚೆನ್ನಾಗಿದೆ. ಇನ್ನೊಂದು 4x6 ಇಂಚಿನದ್ದು (ಅಷ್ಟು ಅಳತೆಯ ತುಂಡು ಹಿಡಿಸೋದು), ಮಲಗಿಸಿ ಕೊಯ್ಯುತ್ತೆ, ಬೇಕಂದ್ರೆ ಎತ್ತಿ ನಿಲ್ಲಿಸಿ ಸಣ್ಣ ಟೇಬಲ್ ಹಾಕಿ ಆಕಾರನೂ ಕೊಯ್ಕೋಬಹುದು. ಇದು ಬೇರೆ ಬೇರೆ ಹೆಸರಲ್ಲಿ ಮಾರಾಟ ಆದ್ರೂ ಒಳಗೆ ಹೆಚ್ಚುಕಮ್ಮಿ ಒಂದೇ ಡಿಸೈನು, ಸಾಮಾನ್ಯವಾಗಿ ಅರ್ಧ ಇಂಚು ಅಗಲ, 64½ ಇಂಚು ಉದ್ದದ ಬ್ಲೇಡ್ ಹಿಡಿಸುತ್ತೆ. ನನ್ ಪ್ರಕಾರ ತಗೊಳ್ಳೋವಾಗ ಬಣ್ಣ, ಮೋಟಾರಿನ ಎಚ್‌ಪಿ ನೋಡೋದಕ್ಕಿಂತ ವೈಸ್ ಗಟ್ಟಿ ಇದೆಯಾ, ಗೈಡ್ ಬೇರಿಂಗು (ಬ್ಲೇಡ್ ಆಚೀಚೆ ಬಾಗದ ಹಾಗೆ ಹಿಡಿಯೋದು) ಅಡ್ಜಸ್ಟ್ ಆಗುತ್ತಾ, ಕೊಯ್ದು ಮುಗಿದ ತಕ್ಷಣ ತಾನೇ ಆಫ್ ಆಗೋ ಸ್ವಿಚ್ ಇದೆಯಾ, ಆ ಅಳತೆ ಬ್ಲೇಡ್ ಸುಲಭವಾಗಿ ಸಿಗುತ್ತಾ, ಇಷ್ಟು ನೋಡಿ ಸಾಕು.

ಈಗ ಬ್ಲೇಡಿಗೆ ಬರೋಣ, ಅರ್ಧ ಕಥೆ ಇರೋದೇ ಇಲ್ಲಿ. ಮಷೀನ್ ಜೊತೆ ಬರೋ ಕಾರ್ಬನ್ ಬ್ಲೇಡನ್ನ ಟ್ರಯಲ್ಲಿಗೆ ಇಟ್ಕೊಂಡು ಬೈಮೆಟಲ್ ತಗೊಳ್ಳಿ, ಅದರಲ್ಲಿ ಬಗ್ಗೋ ಸ್ಟೀಲ್ ಬೆನ್ನಿಗೆ ಹೈಸ್ಪೀಡ್ ಸ್ಟೀಲಿನ ಹಲ್ಲು ಬೆಸೆದಿರುತ್ತೆ, ರೇಟು ಜಾಸ್ತಿ ಆದ್ರೂ ಬಾಳಿಕೆ ಎಷ್ಟೋ ಪಾಲು ಜಾಸ್ತಿ. ಹಲ್ಲಿನ ಲೆಕ್ಕಕ್ಕೆ ನಿಯಮ ಒಂದೇ: ಯಾವ ಹೊತ್ತಲ್ಲೂ ಕನಿಷ್ಠ 3 ಹಲ್ಲು ಲೋಹದ ಒಳಗಿರಬೇಕು. ಇಂಚಿಗೆ 14 ಹಲ್ಲು ಅಂದ್ರೆ ಒಂದು ಹಲ್ಲಿಂದ ಇನ್ನೊಂದಕ್ಕೆ 1.8 ಮಿ.ಮೀ., ಮೂರು ಹಲ್ಲಿಗೆ ಸುಮಾರು 5.4 ಮಿ.ಮೀ. ದಪ್ಪ ಬೇಕು. ಹಾಗಾಗಿ 2 ಮಿ.ಮೀ. ಗೋಡೆಯ ಸ್ಕ್ವೇರ್ ಪೈಪ್ ಹಾಕಿದ್ರೆ ಮೇಲಿನ ಮುಖ ಸಲೀಸಾಗಿ ಹೋಗಿ, ಪಕ್ಕದ ಎರಡು ಗೋಡೆಗೆ ಬಂದಾಗ ಒಂದೇ ಹಲ್ಲು ಸಿಕ್ಕಾಕೊಂಡು ಕಿತ್ತೇ ಹೋಗುತ್ತೆ, ಜನ ಮಷೀನನ್ನ ಬೈತಾರೆ. ಅಂಥದ್ದಕ್ಕೆ 24 ಹಲ್ಲಿನದ್ದು ಹಾಕಿ, ಅದೂ ಪೂರ್ತಿ ಸಾಲಲ್ಲ, ಆದ್ರಿಂದ ಭಾರ (ಬ್ಲೇಡ್ ತುಂಡಿನ ಮೇಲೆ ಒತ್ತೋ ಬಲ) ತೀರಾ ಹಗುರ ಇಡಿ. ಹಾಗಂತ ಅದೇ 24ರಲ್ಲಿ 50 ಮಿ.ಮೀ. ಗಟ್ಟಿ ರಾಡ್ ಕೊಯ್ಯೋಕೆ ಹೋದ್ರೆ ಹಲ್ಲಿನ ಸಂದಿ ಚೂರಿಂದ ತುಂಬಿ ಬ್ಲೇಡ್ ಸುಮ್ನೆ ಜಾರುತ್ತೆ, ಅಲ್ಲಿ 6/10 ಥರದ್ದು (ಇಂಚಿಗೆ 6ರಿಂದ 10 ಹಲ್ಲು, ಸಂದಿ ಹೆಚ್ಚುಕಮ್ಮಿ ಇರೋದು) ಬೇಕು. ಒಂದೇ ಬ್ಲೇಡ್ ಇಟ್ಕೋತೀನಿ ಅಂದ್ರೆ 10/14.

ಬ್ಲೇಡ್ ಹಾಕುವಾಗ ಹಲ್ಲಿನ ಮೊನೆ ಬ್ಲೇಡ್ ಓಡೋ ದಿಕ್ಕಿಗೇ ಇರಬೇಕು. ಉಲ್ಟಾ ಕಂಡ್ರೆ ತಪ್ಪು ಬ್ಲೇಡ್ ಕೊಟ್ಟಿದಾರೆ ಅಂತಲ್ಲ, ಒಳಮೈ ಹೊರಗೆ ಮಾಡಿ ತಿರುಗಿಸಿದ್ರೆ ಸರಿಹೋಗುತ್ತೆ. ಸುರುಳಿ ಬಿಚ್ಚುವಾಗ ಮಾತ್ರ ಹುಷಾರು, ಹಾವಿನ ಥರ ಎಗರುತ್ತೆ. ಆಗ ಗ್ಲೌಸ್ ಇರ್ಲಿ, ಮಷೀನ್ ಓಡ್ತಿರುವಾಗ ಗ್ಲೌಸ್ ಬೇಡವೇ ಬೇಡ, ಕನ್ನಡಕ ಮಾತ್ರ ಯಾವಾಗ್ಲೂ.

ಗೈಡ್ ಬೇರಿಂಗು ಬ್ಲೇಡಿಗೆ ಸುಮ್ನೆ ತಾಗೋ ಹಾಗಿರಬೇಕು, ಗೈಡ್ ತೋಳುಗಳನ್ನ ತುಂಡಿನ ಎರಡೂ ಕಡೆಗೆ ಎಷ್ಟು ಹತ್ರ ಆಗುತ್ತೋ ಅಷ್ಟು ತನ್ನಿ, ದೂರ ಇದ್ದಷ್ಟೂ ಬ್ಲೇಡ್ ಬಾಗೋಕೆ ಜಾಗ. ವೈಸಿನ ದವಡೆಯೂ ಬ್ಲೇಡೂ 90 ಡಿಗ್ರಿ ಇದೆಯಾ ಅಂತ ಸ್ಕ್ವೇರ್ ಇಟ್ಟು ನೋಡಿ, ವೈಸಿನ ಮೇಲೆ ಬರೆದಿರೋ ಡಿಗ್ರಿ ಗುರುತನ್ನ ನಂಬಬೇಡಿ. ಕೊಯ್ತ ಓರೆ ಹೋಗ್ತಿದ್ರೆ ಮೊದಲು ಭಾರ ಕಮ್ಮಿ ಮಾಡಿ, ಬಹಳ ಸಲ ಅಷ್ಟೇ ಇರುತ್ತೆ, ಆಮೇಲೆ ಬ್ಲೇಡಿನ ಟೆನ್ಷನ್ (ಬಿಗಿ), ಗೈಡು ನೋಡಿ, ಅದಕ್ಕೂ ಬಗ್ಗದಿದ್ರೆ ಒಂದು ಕಡೆ ಹಲ್ಲು ಸವೆದಿರುತ್ತೆ, ಬ್ಲೇಡ್ ಬದಲಾಯಿಸಿ.

ಹೊಸ ಬ್ಲೇಡಿಗೆ ಮೊದಲ ಕೆಲವು ಕೊಯ್ತದಲ್ಲಿ ಅರ್ಧ ಭಾರ ಮಾತ್ರ ಕೊಡಿ, ಇಲ್ಲಾಂದ್ರೆ ಹರಿತ ಮೊನೆಗಳು ಚಿಟಿಕೆ ಚಿಟಿಕೆಯಾಗಿ ಮುರಿದು ಹೋಗ್ತವೆ. ಆಮೇಲೆ ಭಾರ ಸರಿ ಇದೆಯಾ ಅಂತ ಕೆಳಗೆ ಬೀಳೋ ಚೂರೇ ಹೇಳುತ್ತೆ: ಸುರುಳಿ ಸುರುಳಿಯಾಗಿ ಬೆಳ್ಳಗಿದ್ರೆ ಸರಿ, ಹಿಟ್ಟಿನ ಥರ ಪುಡಿಯಾದ್ರೆ ಭಾರ ಕಮ್ಮಿ, ದಪ್ಪಗೆ ನೀಲಿಯಾದ್ರೆ ಭಾರ ಜಾಸ್ತಿ. ಸ್ಟೇನ್‌ಲೆಸ್ಸಿಗೆ ತೀರಾ ಹಗುರ ಕೊಟ್ಟು ಉಜ್ಜಿಸಿದ್ರೆ ಮೇಲ್ಮೈ ಇನ್ನೂ ಗಟ್ಟಿಯಾಗುತ್ತೆ, ಅಲ್ಲಿ ನಿಧಾನ ಸ್ಪೀಡು, ಗಟ್ಟಿ ಒತ್ತಡ. ಅಲ್ಯೂಮಿನಿಯಂ ಹಲ್ಲಿಗೆ ಅಂಟ್ಕೋತಿದ್ರೆ ಸ್ವಲ್ಪ ಮೇಣ ಸವರಿ.

ಎಲ್ ಆಂಗಲ್ಲನ್ನ ಒಂದು ಮಗ್ಗುಲಿಗೆ ಮಲಗಿಸಬೇಡಿ, ಎರಡೂ ಅಂಚು ಕೆಳಗೆ ಬರೋ ಹಾಗೆ ಬೋರಲು ಇಡಿ. ಗಿಡ್ಡ ತುಂಡಾದ್ರೆ ವೈಸಿನ ಇನ್ನೊಂದು ತುದಿಗೆ ಅಷ್ಟೇ ದಪ್ಪದ ಇನ್ನೊಂದು ತುಂಡು ಇಟ್ಟು ಬಿಗಿ ಮಾಡಿ, ಇಲ್ಲಾಂದ್ರೆ ದವಡೆ ಓರೆಯಾಗಿ ಹಿಡಿತ ಬಿಡುತ್ತೆ. ಬ್ಲೇಡ್ ತುಂಡಿನ ಮೇಲೆ ಕೂತಿರುವಾಗ ಸ್ವಿಚ್ ಹಾಕಬೇಡಿ, ಎತ್ತಿ ಆನ್ ಮಾಡಿ ಮೆಲ್ಲಗೆ ಇಳಿಸಿ. ಮಧ್ಯದಲ್ಲಿ ಬ್ಲೇಡ್ ಸತ್ತು ಹೊಸದು ಹಾಕಿದ್ರೆ ಹಳೇ ಸೀಳಿಗೆ ಇಳಿಸೋಕೆ ಹೋಗಬೇಡಿ, ಸವೆದ ಬ್ಲೇಡ್ ಮಾಡಿದ ಸೀಳು ಹೊಸ ಹಲ್ಲಿಗೆ ಇಕ್ಕಟ್ಟಾಗಿ ಸಿಕ್ಕಾಕೊಳ್ಳುತ್ತೆ, ತುಂಡನ್ನ ತಿರುಗಿಸಿ ಇನ್ನೊಂದು ಕಡೆಯಿಂದ ಶುರು ಮಾಡಿ.