ಆನ್‌ಲೈನ್ ಟ್ಯೂಷನ್ ಒಪ್ಪುವ ಮೊದಲು ಕ್ಯಾಮೆರಾವನ್ನು ನೋಟ್‌ಬುಕ್ ಮೇಲೆ ತಿರುಗಿಸಿ ನೋಡಿ

ಟ್ಯೂಷನ್ ಹೇಳುವವರಿಗೆ ಒಂದು ಸಲಹೆ. ಆನ್‌ಲೈನಾ, ಮನೆಗೆ ಹೋಗಿ ಹೇಳಿಕೊಡೋದಾ ಅಂತ ತೀರ್ಮಾನಿಸುವ ಮೊದಲು ಒಂದು ಟ್ರಯಲ್ ಕ್ಲಾಸ್ ಮಾಡಿ. ಅದರಲ್ಲಿ ಮಗುವಿನ ಮುಖ ಬೇಡ, ನೋಟ್‌ಬುಕ್ ಕಾಣಬೇಕು. ನಾಲ್ಕೈದು ದಪ್ಪ ಪುಸ್ತಕ ಪೇರಿಸಿ, ಹಿಂದಿನ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಫೋನನ್ನು ಅಂಚಿನಿಂದ ಹೊರಗೆ ಚಾಚಿ ಇಡಿಸಿ, ಇನ್ನೊಂದು ತುದಿಗೆ ಭಾರ ಹೇರಿಸಿ. ಬಲಗೈಯಲ್ಲಿ ಬರೆಯುವವರಿಗೆ ಫೋನ್ ಎಡಕ್ಕಿರಲಿ, ಇಲ್ಲದಿದ್ದರೆ ಕೈಯೇ ಅಡ್ಡ ಬರುತ್ತದೆ. ಬರೆಯುತ್ತಿರುವ ಸಾಲು ಸರಿಯಾಗಿ ಓದಲು ಬಂದರೆ ಆನ್‌ಲೈನ್ ಸಾಕು. ಯಾಕೆಂದರೆ ತಪ್ಪು ಆಗೋದು ಉತ್ತರದಲ್ಲಲ್ಲ, ನಡುವಿನ ಹಂತದಲ್ಲಿ. 2x − 5 = 9 ಬರೆದು, ಮುಂದಿನ ಸಾಲಲ್ಲಿ 2x = 9 − 5 ಅಂದಾಗಲೇ ತಡೆಯಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಹಂತಕ್ಕೂ ಅಂಕ ಇದೆ, ಅಲ್ವಾ? ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಈ ಲಾಭ ಇಲ್ಲ, ಅಷ್ಟರಲ್ಲಿ ಅಳಿಸಿ ಬರೆದಿರುತ್ತಾರೆ. ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇದು ನಡೆಯೋದು ಕಷ್ಟ. ಪುಸ್ತಕ ಜಾರುತ್ತಲೇ ಇರುತ್ತದೆ, ಪಕ್ಕದಲ್ಲಿ ಕೂತೇ ಹೇಳಿಕೊಡಬೇಕು. ನೆಟ್‌ವರ್ಕ್ ಮಂದ ಇರುವ ಕಡೆ ಅಕ್ಷರ ಮಸುಕಾಗುತ್ತದೆ, ಅಲ್ಲೂ ಸುಮ್ನೆ ಹಟ ಹಿಡಿಯಬೇಡಿ. ಆದರೆ ಮನೆಗೆ ಹೋಗುವುದಾದರೆ ಫೀಸನ್ನು ಓಡಾಟದ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ. ಒಂದು ಗಂಟೆ ಪಾಠಕ್ಕೆ 500 ರೂಪಾಯಿ ಅಂದರೂ, ಹೋಗಿಬರಲು ಒಂದೂವರೆ ಗಂಟೆ ಹಿಡಿದರೆ ಗಂಟೆಗೆ ಸಿಗೋದು 200 ರೂಪಾಯಿ, ಪೆಟ್ರೋಲ್ ಬೇರೆ.