ಪೆನ್ನು, ಹಲಗೆ, ತಂತ್ರಾಂಶ: ಡಿಜಿಟಲ್ ಚಿತ್ರಕ್ಕೆ ಮೊದಲ ಖರೀದಿ

ಬೀದರಿನಲ್ಲಿ ಬಿದ್ರಿ ಕೆಲಸ ನಡೆಯುವ ಮನೆಗೆ ಹೋದರೆ ಒಂದು ಕ್ಷಣ ನಿಂತು ನೋಡಬೇಕಾದ ಹಂತವೊಂದಿದೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಕುಶಲಕರ್ಮಿ ಚೂಪು ಮೊನೆಯಿಂದ ಬಳ್ಳಿ, ಹೂವು, ಬೂಟಿಗಳನ್ನು ನೇರವಾಗಿ ಬರೆಯುತ್ತಾನೆ. ಮೊನೆ ಇರುವಲ್ಲೇ ಅವನ ಕಣ್ಣೂ ಇರುತ್ತದೆ.

ಇಂಥ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆಯಲು ಬಯಸುವ ಮಕ್ಕಳು ನನ್ನಲ್ಲಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, "ಸರ್, ಯಾವ ಟ್ಯಾಬ್ಲೆಟ್ ತರಲಿ?" ಕಂಪನಿಯ ಹೆಸರು ಹೇಳುವ ಮೊದಲು ನಾನು ಕೇಳುವುದು ಇಷ್ಟೇ: ಮನೆಯಲ್ಲಿ ಕಂಪ್ಯೂಟರ್ ಇದೆಯೇ?

ಇದ್ದರೆ, ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಸಾಕು. ಅದು ಮೇಜಿನ ಮೇಲೆ ಇಡುವ ಕಪ್ಪು ಹಲಗೆ. ಗೆರೆ ಮೂಡುವುದು ಎದುರಿನ ಮಾನಿಟರಿನಲ್ಲಿ. ಕೈ ಕೆಳಗೆ, ಕಣ್ಣು ಮೇಲೆ. ಮೊದಲ ವಾರ ಇದು ತೀರಾ ಪರಕೀಯ ಎನಿಸುತ್ತದೆ. ದಿನಕ್ಕೆ ಅರ್ಧ ಗಂಟೆ ಕುಳಿತವರಿಗೆ ಎರಡು ಮೂರು ವಾರಗಳಲ್ಲಿ ಒಗ್ಗಿದ್ದನ್ನು ನಾನು ಕಂಡಿದ್ದೇನೆ, ಆದ್ದರಿಂದ ಹೆದರಬೇಕಾಗಿಲ್ಲ. ಪರದೆಯ ಮೇಲೆಯೇ ಬರೆಯುವ ಪೆನ್ ಡಿಸ್‌ಪ್ಲೇ ಬಿದ್ರಿ ಕೆಲಸಗಾರನ ಅನುಭವಕ್ಕೆ ಹತ್ತಿರ, ನಿಜ. ಆದರೆ ಅದರ ಬೆಲೆ ಮೂರು ನಾಲ್ಕು ಪಟ್ಟು, ಕಂಪ್ಯೂಟರಿನ ಅಗತ್ಯ ಅದಕ್ಕೂ ತಪ್ಪುವುದಿಲ್ಲ, ಅನೇಕ ಮಾದರಿಗಳಿಗೆ ಪ್ರತ್ಯೇಕ ವಿದ್ಯುತ್ ಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿಯಿಂದಲೇ ನಡೆಯುವ ಸಾದಾ ಹಲಗೆಯ ಬೆಲೆ ಗೊತ್ತಾಗುತ್ತದೆ. ಕಂಪ್ಯೂಟರ್ ಇಲ್ಲದವರಿಗೆ ಐಪ್ಯಾಡ್ ಅಥವಾ ಒತ್ತಡ ಗುರುತಿಸುವ ಪೆನ್ನಿರುವ ಆಂಡ್ರಾಯ್ಡ್ ಟ್ಯಾಬ್ ದಾರಿ. ರಬ್ಬರ್ ತುದಿಯ ಅಗ್ಗದ ಪೆನ್ನುಗಳು ಬೆರಳಿನ ಕೆಲಸವನ್ನಷ್ಟೇ ಮಾಡುತ್ತವೆ. ಅವುಗಳಿಂದ ದಪ್ಪ ತೆಳುವಿನ ಗೆರೆ ಬಾರದು.

ಎರಡನೆಯದು ಅಳತೆ. ಇಲ್ಲಿ ನಾನೇ ಎಡವಿದ್ದೇನೆ. ಪೆಟ್ಟಿಗೆಯ ಮೇಲೆ 8192 ಒತ್ತಡ ಮಟ್ಟಗಳು (ಕೈಯ ಒತ್ತಡವನ್ನು ಪೆನ್ನು ಗುರುತಿಸುವ ಹಂತಗಳು) ಎಂದು ದೊಡ್ಡದಾಗಿ ಅಚ್ಚಾಗಿದ್ದನ್ನು ನಂಬಿ ಅಂಗೈಯಗಲದ ಹಲಗೆ ತಂದೆ. ತಿಂಗಳೊಳಗೆ ಮಣಿಕಟ್ಟು ನೋಯತೊಡಗಿತು. ಬರೆಯುವ ಜಾಗ ಕಿರಿದಾದಷ್ಟೂ ಕೆಲಸವೆಲ್ಲ ಬೆರಳು, ಮಣಿಕಟ್ಟುಗಳ ಮೇಲೆಯೇ ಬೀಳುತ್ತದೆ. ಉದ್ದ ಬಳ್ಳಿಯನ್ನು ಎಳೆಯಲು ಮೊಣಕೈ ಆಡಬೇಕು. ಮಧ್ಯಮ ಅಳತೆ, ಅಂದರೆ ಸುಮಾರು 216 ಮಿ.ಮೀ. ಅಗಲ, 135 ಮಿ.ಮೀ. ಎತ್ತರದ ಬರೆಯುವ ಜಾಗ, ನನ್ನ ಮಟ್ಟಿಗೆ ಸರಿಯಾದ ಆಯ್ಕೆ. ಒತ್ತಡದ ಮಟ್ಟ 2048 ಇರಲಿ, 8192 ಇರಲಿ, ಕಲಿಯುವ ಕೈಗೆ ವ್ಯತ್ಯಾಸ ತಿಳಿಯದು. ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಹುಟ್ಟುತ್ತದೆ ಎಂಬುದೇ ಮುಖ್ಯ. ಬ್ಯಾಟರಿ ಬೇಡದ ಪೆನ್ನು ಆರಿಸಿ: ಹಲಗೆ ಹೊಮ್ಮಿಸುವ ವಿದ್ಯುತ್ಕಾಂತೀಯ ಕ್ಷೇತ್ರದಿಂದಲೇ ಪೆನ್ನಿನೊಳಗಿನ ಸುರುಳಿ ಶಕ್ತಿ ಪಡೆಯುತ್ತದೆ. ವಾಕಾಮ್, ಹುಯಾನ್, ಎಕ್ಸ್‌ಪಿ-ಪೆನ್ ಮೂರರಲ್ಲೂ ಇಂಥವು ಸಿಗುತ್ತವೆ. ಪೆನ್ನಿನ ಮೊನೆ ಸವೆಯುವ ವಸ್ತು, ಬದಲಿ ಮೊನೆಗಳು ಸಿಗುತ್ತವೆಯೇ ಎಂದು ವಿಚಾರಿಸಿಕೊಳ್ಳಿ. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ ಹಲಗೆಯ ನಾಲ್ಕೂ ಮೂಲೆಗಳಲ್ಲಿ ಗೆರೆ ಎಳೆದು ನೋಡಿ.

ಹಲಗೆ ಮನೆಗೆ ಬಂದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಕಂಪನಿಯ ಜಾಲತಾಣದಿಂದ ಡ್ರೈವರ್, ಅಂದರೆ ಹಲಗೆಯನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ, ಹಾಕಿಕೊಳ್ಳಿ. ಬೇರೆ ಟ್ಯಾಬ್ಲೆಟಿನ ಹಳೆಯ ಡ್ರೈವರ್ ಇದ್ದರೆ ಮೊದಲು ತೆಗೆಯಿರಿ. ಬಳಿಕ ಡ್ರೈವರಿನಲ್ಲಿ ಹಲಗೆಯ ಅಗಲ-ಎತ್ತರದ ಅನುಪಾತವನ್ನು ಪರದೆಯ ಅನುಪಾತಕ್ಕೆ ಹೊಂದಿಸಿ. ಮೇಲೆ ಹೇಳಿದ ಹಲಗೆ 16:10, ಸಾಮಾನ್ಯ ಮಾನಿಟರ್ 16:9. ಹೊಂದಿಸದಿದ್ದರೆ ಕೈ ಬರೆದ ದುಂಡನೆಯ ಹೂವು ಪರದೆಯಲ್ಲಿ ಒಂಬತ್ತನೇ ಒಂದು ಪಾಲು ಅಡ್ಡಕ್ಕೆ ಹಿಗ್ಗುತ್ತದೆ. ತನಗೆ ವೃತ್ತ ಬರೆಯಲು ಬಾರದು ಎಂದು ಮಗು ಕೊರಗುತ್ತದೆ. ತಪ್ಪು ಅದರ ಕೈಯದಲ್ಲ.

ತಂತ್ರಾಂಶಕ್ಕೆ ಆರಂಭದಲ್ಲಿ ಒಂದು ರೂಪಾಯಿಯೂ ಬೇಕಿಲ್ಲ. ಕ್ರಿಟಾ ಚಿತ್ರ ಬರೆಯುವ ಮುಕ್ತ ತಂತ್ರಾಂಶ, ಅದರ ಜಾಲತಾಣದಿಂದ ಉಚಿತವಾಗಿ ಸಿಗುತ್ತದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಫೋಟೋಶಾಪಿಗೆ ಚಂದಾ ಕಟ್ಟುತ್ತಲೇ ಇರಬೇಕು. ಐಪ್ಯಾಡಿನವರಿಗೆ ಪ್ರೊಕ್ರಿಯೇಟ್ ಒಮ್ಮೆ ಕೊಂಡರೆ ಮುಗಿಯಿತು. ಕಾಮಿಕ್ಸ್ ಬರೆಯುವವರು ಮುಂದೆ ಕ್ಲಿಪ್ ಸ್ಟುಡಿಯೋ ಪೇಂಟ್ ನೋಡಬಹುದು. ಕ್ರಿಟಾವನ್ನೇ ನಾನು ಹೇಳುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ನಮ್ಮ ನಮೂನೆಗಳಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಕನ್ನಡಿ ಸಾಧನ ಒತ್ತಿ ಬಳ್ಳಿಯ ಎಡಬದಿ ಬರೆದರೆ ಬಲಬದಿ ತಾನೇ ಮೂಡುತ್ತದೆ. ಮಲ್ಟಿಬ್ರಷ್‌ನಲ್ಲಿ ಒಂದು ಎಸಳು ಬರೆದರೆ ಸುತ್ತಲೂ ಎಂಟು ಎಸಳು ಅರಳುತ್ತವೆ. ಕೈ ನಡುಗುವವರಿಗೆ ಸ್ಟೆಬಿಲೈಸರ್ ಗೆರೆಯನ್ನು ನಯಗೊಳಿಸುತ್ತದೆ, ಆದರೆ ಅದನ್ನು ಕಡಿಮೆ ಮಟ್ಟದಲ್ಲಿಡಿ. ಹೆಚ್ಚಿಸಿದರೆ ಗೆರೆ ಪೆನ್ನಿನ ಹಿಂದೆ ಹಿಂದೆ ಬರುತ್ತದೆ.

ಚಿತ್ರದ ಜೊತೆ ಕನ್ನಡ ಅಕ್ಷರವೂ ಬೇಕಾದರೆ ಇಂಕ್‌ಸ್ಕೇಪ್ ಸೇರಿಸಿಕೊಳ್ಳಿ. ಅದೂ ಉಚಿತ, ವೆಕ್ಟರ್ ಕೆಲಸದ್ದು (ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಗೆರೆಗಳದ್ದು); ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದಾಗ ಅರ್ಥವಿಲ್ಲದ ಚಿಹ್ನೆಗಳಾಗಿಬಿಡುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದರೆ ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ವ್ಯವಸ್ಥೆಯನ್ನು ಆರಿಸಬೇಕು.

ಈಗ ಹಾಳೆ. ಮುದ್ರಣಕ್ಕೆ ಹೋಗುವ ಚಿತ್ರವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ತೆರೆಯಿರಿ. ಎ4 ಅಂದರೆ 2480 × 3508 ಪಿಕ್ಸೆಲ್. ಚಿತ್ರವನ್ನು ಒಂದರ ಮೇಲೊಂದು ಪಾರದರ್ಶಕ ಹಾಳೆಗಳಂಥ ಪದರಗಳಲ್ಲಿ (ಲೇಯರ್) ಬರೆಯುತ್ತೇವೆ; ಪೂರ್ತಿ ತುಂಬಿದ ಒಂದೊಂದು ಪದರವೂ ಸುಮಾರು 35 ಎಂಬಿ ಮೆಮೊರಿ ಹಿಡಿಯುತ್ತದೆ. 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಇಪ್ಪತ್ತು ಪದರಗಳವರೆಗೆ ನಿಶ್ಚಿಂತೆಯಿಂದ ಬರೆಯಬಹುದು.

ಮೊದಲ ಕೆಲಸವಾಗಿ ನಾನು ಹೂಜಿಯ ಸೊಂಟಪಟ್ಟಿಯನ್ನೇ ಕೊಡುತ್ತೇನೆ. ಹೂಜಿಯ ವ್ಯಾಸ 10 ಸೆಂ.ಮೀ. ಇದ್ದರೆ ಸುತ್ತಳತೆ 31.4 ಸೆಂ.ಮೀ., ಅಂದರೆ ಸುಮಾರು 3,700 ಪಿಕ್ಸೆಲ್ ಉದ್ದದ ಹಾಳೆ. ಕ್ರಿಟಾದಲ್ಲಿ ಡಬ್ಲ್ಯೂ ಕೀಲಿ ಒತ್ತಿದರೆ ಹಾಳೆಯ ಬಲ ಅಂಚಿನಿಂದ ಹೊರಟ ಗೆರೆ ಎಡ ಅಂಚಿನಿಂದ ಒಳಬರುತ್ತದೆ. ಬಳ್ಳಿಯನ್ನು ಆ ಅಂಚು ದಾಟಿಸಿ ಬರೆಯಿರಿ. ಮುಗಿದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ. ಎ4 ಹಾಳೆಗೆ ಹಿಡಿಯುವುದಿಲ್ಲ, ಎ3 ಬೇಕು. ಪಟ್ಟಿ ಕತ್ತರಿಸಿ ಹೂಜಿಯ ಸೊಂಟಕ್ಕೆ ಸುತ್ತಿ, ಕೊನೆಯ ಎಲೆ ಮೊದಲ ಎಲೆಯನ್ನು ಮುಟ್ಟುತ್ತದೆಯೇ ನೋಡಿ.