ಉಣಿಸುವಾಗ ಮೊಬೈಲ್ ಬಿಡಿಸಿದ್ದು: ನಮ್ಮ ಅಂಗನವಾಡಿಯ ಅನುಭವ

“ಊಟದ ಹೊತ್ತಲ್ಲಿ ಮಕ್ಕಳ ಮನೆಯೊಳಗಿನ ಮೊಬೈಲ್ ಬಿಡಿಸೋಕೆ ನಿನ್ನ ಕೈಲಾಗುತ್ತಾ?” ಅಂತ ಕೇಳಿದವರು ನಮ್ಮ ಸರ್ಕಲ್‌ನ (ಒಬ್ಬ ಮೇಲ್ವಿಚಾರಕಿಯ ಕೆಳಗಿನ ಕೇಂದ್ರಗಳ) ಅಂಗನವಾಡಿ ಕಾರ್ಯಕರ್ತೆಯರೇ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕೇಂದ್ರದಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗಿನ ವಯಸ್ಸಿನ ಸುಮಾರು 14 ಮಕ್ಕಳಲ್ಲಿ 11 ಮಕ್ಕಳು ಮೊಬೈಲ್ ಇಲ್ಲದೆ ಉಣ್ಣುತ್ತಿರಲಿಲ್ಲ. ಈಗ ಉಳಿದಿರುವುದು 3. ಮೇಲ್ವಿಚಾರಕಿ ಬೇರೆ ಕೇಂದ್ರದವರನ್ನು ನಮ್ಮಲ್ಲಿಗೆ ನೋಡಲು ಕಳಿಸುತ್ತಿದ್ದಾರೆ.

ಮೊದಲ ನಾಲ್ಕು ತಿಂಗಳು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ ಅಂತ ತಾಯಂದಿರ ಸಭೆಯಲ್ಲಿ ಹೇಳಿದ್ದೇ ಹೇಳಿದ್ದು. ಎಲ್ಲರೂ ತಲೆಯಾಡಿಸಿ ಎದ್ದು ಹೋದರು. ಕೈಯಿಂದ 600 ರೂಪಾಯಿ ಹಾಕಿ ಫ್ಲೆಕ್ಸ್ ಮಾಡಿಸಿದೆ. ಒಬ್ಬರೂ ನಿಂತು ಓದಲಿಲ್ಲ.

ಆಮೇಲೆ ಸಭೆ ನೆಚ್ಚದೆ, ಬೆಳಗ್ಗೆ ಎಂಟಕ್ಕೆ, ಉಣಿಸುವ ಹೊತ್ತಿಗೇ ಮಕ್ಕಳ ಮನೆಗಳಿಗೆ ಹೋದೆ. ಒಂದು ಮನೆಯಲ್ಲಿ ಹದಿಮೂರು ತಿಂಗಳ ಕೂಸು. ಎದುರಿಗೆ ಚೊಂಬಿಗೆ ಒರಗಿಸಿಟ್ಟ ಮೊಬೈಲ್. ತುತ್ತು ಬಂದರೆ ಬಾಯಿ ತೆರೆಯುತ್ತದೆ, ಕಣ್ಣು ಮಾತ್ರ ಅಲ್ಲಾಡುವುದಿಲ್ಲ. ಅನ್ನ ಕೆನ್ನೆಯಲ್ಲೇ ಕೂತಿದೆ. “ಟೀಚರ್, ಇದನ್ನ ತೆಗೆದ್ರೆ ನಾನು ಕೂಲಿಗೆ ಹೊರಡೋದು ಯಾವಾಗ?” ಅಂದಳು ತಾಯಿ. ಅವಳು ಕೇಳಿದ್ದು ಸರಿಯೇ ಅಲ್ವಾ?

ಹಾಗಾಗಿ ಬೆಳಗಿನ ಊಟ ಒಂದನ್ನೇ ಹಿಡಿದೆ. ಮಿಕ್ಕ ಹೊತ್ತಿನ ಮಾತೇ ಎತ್ತಲಿಲ್ಲ. ಜಗಲಿ ಮೇಲೆ ಗೋಣಿಚೀಲ ಹಾಸಿ, ಕೂಸಿನ ಮುಂದೆಯೂ ಒಂದು ಬಟ್ಟಲು. ಸಾರಲ್ಲಿ ಕಿವುಚಿದ ಮುದ್ದೆಗೆ ತಾನೇ ಕೈ ಹಾಕಲಿ, ಚೆಲ್ಲಲಿ. ಬಟ್ಟಲುಗಳಿಗೆ ಒಟ್ಟು 900ರ ಹತ್ತಿರ ಹೋಯಿತು. ಮೊದಲ ನಾಲ್ಕೈದು ದಿನ ಬರೀ ಅಳು, ಅರ್ಧ ಊಟ. ತಾಯಂದಿರು ಸೋಲುವುದು ಅಲ್ಲೇ. ಆ ದಿನಗಳಲ್ಲಿ ತಪ್ಪದೆ ಹೋಗಿ ಪಕ್ಕದಲ್ಲಿ ಕೂತೆ. ಎರಡನೇ ವಾರಕ್ಕೆ ಕೂಸು ಅಂಗಳದ ಕೋಳಿ ನೋಡುತ್ತಾ ಉಂಡಿತು. ಮಗು ಸೊರಗುತ್ತೆ ಅಂತ ಅಜ್ಜಿಯರು ಹೆದರಿಸಿದ್ದರು. ತಿಂಗಳ ತೂಕದಲ್ಲಿ ಯಾರದ್ದೂ ಇಳಿದಿರಲಿಲ್ಲ.

ನಡುವೆ ಮೊಬೈಲ್ ಬದಲಿಗೆ ಆಟಿಕೆಯನ್ನೂ ಕೊಟ್ಟು ನೋಡಿದೆ. ಸಂತೆಯ ಬ್ಯಾಟರಿ ಆಟಿಕೆ ಎರಡೇ ದಿನಕ್ಕೆ ಮೂಲೆ ಸೇರಿತು. ಹುರುಳಿಕಾಳು ತುಂಬಿದ ಬಾಟಲಿ ವಾರಗಟ್ಟಲೆ ಉರುಳಿತು. ಮುಚ್ಚಳಕ್ಕೆ ಗಟ್ಟಿಯಾಗಿ ಅಂಟು ಹಾಕಿ, ಕಾಳು ಗಂಟಲಿಗೆ ಹೋದರೆ ಕಷ್ಟ. ಬೆಂಗಳೂರಲ್ಲಿ ಗಾರೆ ಕೆಲಸಕ್ಕಿರುವ ಅಪ್ಪಂದಿರ ವಿಡಿಯೋ ಕಾಲ್ ನಾನು ಬೇಡ ಅನ್ನಲಿಲ್ಲ. ಅಪರೂಪಕ್ಕೆ ಅದು ಪರವಾಗಿಲ್ಲ ಅಂತ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ.



ಉಳಿದ ಮೂರು ಮನೆಗಳಲ್ಲಿ ಒಂದೇ ಕೋಣೆ, ದಿನವಿಡೀ ಟಿವಿ, ಜಗಲಿಯೂ ಇಲ್ಲ. ಆ ಮಕ್ಕಳನ್ನು ಈಗ ಪಕ್ಕದ ಮನೆ ಜಗಲಿಗೆ ಕರೆಸಿ ಉಣಿಸುತ್ತಿದ್ದೇವೆ. ಇವತ್ತಿಗೆ ನಾಲ್ಕನೇ ದಿನ, ಇನ್ನೂ ಅಳು ನಿಂತಿಲ್ಲ.